ಎಂಜಿನ್ ಕೂತ ತೊಲೆ

"ಕೆರೀತಾ ಕೂತ್ಕೊಂಡ್ಯೇನೋ ಹಂದಿ? ಬಿಗಿ ಅಂದ್ರೆ ಬಿಗಿ!"

ದೋಣಿಯ ಅಂಚಿನಲ್ಲಿ ನಿಂತು ಹಾರ್ಟ್ಲಿ ಸಾಹುಕಾರ ಕಿರುಚಿದ. ಕೆನಡಾದ ನೋವಾ ಸ್ಕೋಷಿಯಾದ ಈ ದಂಡೆಯಲ್ಲಿ ದೋಣಿಗಳೂ ಅವನವೇ, ರಿಪೇರಿಯ ಶೆಡ್ಡೂ ಅವನದೇ; ದುಡಿಯುವವರು ಮಾತ್ರ ಫ್ರೆಂಚ್ ಮಾತಾಡುವ ನಾವು. ನಾನು ದೋಣಿಯೊಳಗೆ ಮೊಣಕಾಲೂರಿ, ಎಂಜಿನ್ ಕೂರಬೇಕಾದ ತೊಲೆಗೆ ದಬ್ಬಳ ಚುಚ್ಚಿದ್ದೆ. ಅದು ಹಿಡಿಯವರೆಗೂ ಇಳಿದುಹೋಗಿತ್ತು.

"ಸಾಹುಕಾರ್ರೆ, ತೊಲೆ ಒಳಗೆಲ್ಲಾ ಕೊಳ್ತೋಗದೆ. ಬೋಲ್ಟು ನಿಲ್ಲಕಿಲ್ಲ. ಹೊಸ ತೊಲೆ ಹಾಕಣ, ಎಲ್ಡು ದಿನ ಕೊಡಿ."

"ಸೋಮವಾರ ಲಾಬ್‌ಸ್ಟರ್ ಬೋನು ಕಡಲಿಗೆ ಇಳಿಸೋ ದಿನ, ಇವನಿಗೆ ಎರಡು ದಿನ ಬೇಕಂತೆ! ಪುಟ್ಟಿ ಮೆತ್ತು, ಬಣ್ಣ ಬಳಿ, ಉದ್ದ ಸ್ಕ್ರೂ ಹೊಡಿ. ಫ್ರೆಂಚ್ ಮುಂಡೇವು, ತಲೆ ಇದ್ದಿದ್ರೆ ನನ್ನತ್ರ ಯಾಕೆ ಬರ್ತಿದ್ರಿ?"

ಮೆತ್ತಿದೆ, ಬಳಿದೆ, ಎಂಜಿನ್ ಕೂರಿಸಿ ಸ್ಕ್ರೂ ಹೊಡೆದೆ. ಹೇಳಲು ನಾಚಿಕೆಯಾಗುತ್ತದೆ, ಕೆಲಸ ಹೋದೀತೆಂಬ ಹೆದರಿಕೆ. ಹೋದ ವರ್ಷ ಇಂಥದೇ ತೊಲೆಯ ಮೇಲಿದ್ದ ಎಂಜಿನ್ ಅಲೆಯ ಹೊಡೆತಕ್ಕೆ ಬುಡಸಮೇತ ಕಿತ್ತುಬಂದು, ದೋಣಿಯ ತಳ ಒಡೆದು ನನ್ನ ತಮ್ಮ ಆನ್ಸೆಲ್ಮ್ ಮುಳುಗಿದ. ಹೆಣವೂ ಸಿಗಲಿಲ್ಲ. ಈ ಸಲ ಈ ದೋಣಿಯಲ್ಲಿ ಹೊರಟವನು ನನ್ನ ಅಕ್ಕನ ಗಂಡ ತಿಯೋಫಿಲ್.

ಭಾನುವಾರ ಬೆಳಿಗ್ಗೆ ತಪಾಸಣೆಯ ಅಧಿಕಾರಿ ಬಂದ. ಬೂಟಿಗೆ ಎಣ್ಣೆ ಹತ್ತೀತೆಂದು ದೋಣಿಯೊಳಗೆ ಇಳಿಯದೆ ಅಂಚಿನಲ್ಲೇ ನಿಂತ. "ಬಣ್ಣ ಚೆನ್ನಾಗಿದೆ" ಎಂದು ಸಹಿ ಹಾಕಿದ. ಶೆಡ್ಡಿನಲ್ಲೇ ಪಾದ್ರಿ ದೋಣಿಗೆ ತೀರ್ಥ ಚಿಮುಕಿಸಿ, "ಉಳಿದದ್ದು ದೇವರ ಚಿತ್ತ" ಎಂದರು. ಭಾವ ತಲೆ ತಗ್ಗಿಸಿ ಶಿಲುಬೆಯ ಗುರುತು ಮಾಡಿಕೊಂಡ. ಆ ಬಾಗಿದ ಕುತ್ತಿಗೆ ನೋಡಿ ನನಗೆ ಮೈಯೆಲ್ಲ ಉರಿಯಿತು.

ದೋಣಿ ಹತ್ತಿದೆ. ಶೆಡ್ಡಿನ ಸೂರಿನಿಂದ ಇಳಿಬಿಟ್ಟ ಚೈನ್ ಕಪ್ಪಿಯ ಕೊಕ್ಕೆಯನ್ನು ಎಂಜಿನ್ನಿಗೆ ಸಿಕ್ಕಿಸಿದೆ. ಸರಿಯಾಗಿ ಬಿಗಿದ ಎಂಜಿನ್ನನ್ನು ಎತ್ತಹೋದರೆ ಇಡೀ ದೋಣಿಯೇ ಮಿಸುಕಬೇಕು. ಅದು ನಮ್ಮ ಕೆಲಸಗಾರರ ಪರೀಕ್ಷೆ.

"ಏಯ್ ಮ್ಯೂಸ್, ಏನೋ ಮಾಡ್ತಿದ್ದೀಯ?"

"ತಪಾಸಣೆ, ಸಾಹುಕಾರ್ರೆ. ಆಫೀಸರ್ ಮಾಡೋದು ಮರ್ತ್ರು."

ಚೈನ್ ಎಳೆದೆ. ನಾಲ್ಕನೆಯ ಎಳೆತಕ್ಕೆ ಸ್ಕ್ರೂಗಳು ಪಟಪಟನೆ ಕಿತ್ತು ಬಂದವು. ಪುಟ್ಟಿಯೂ ಕೊಳೆತ ಮರದ ಕಪ್ಪು ಹಿಟ್ಟೂ ಸಿಡಿದು ಅಧಿಕಾರಿಯ ಬೂಟಿನ ಮೇಲೆ ಬಿದ್ದವು. ದೋಣಿ ಇದ್ದಲ್ಲೇ ಇತ್ತು, ಎಂಜಿನ್ ಗಾಳಿಯಲ್ಲಿ ತೂಗಾಡುತ್ತಿತ್ತು.

"ಇಳ್ಸೋ ಬೋಳಿಮಗನೆ! ಇವತ್ತಿಗೆ ನಿನ್ನ ಕೆಲಸ ಹೋಯ್ತು!"

"ಹೋಗ್ಲಿ ಬಿಡು. ನೀನೂ ನಿನ್ನ ಆಫೀಸರೂ ಇದೇ ದೋಣೀಲಿ ಮೊದ್ಲು ಹೋಗ್ಬನ್ನಿ. ಜೀವಂತ ಬಂದ್ರೆ ನಮ್ ಭಾವನ್ನ ಕಳಿಸ್ತೀನಿ."

ಅಧಿಕಾರಿ ಬೂಟು ಒರೆಸಿಕೊಳ್ಳುತ್ತ ಹಿಂದೆ ಸರಿದ. ತಿಯೋಫಿಲ್ ಮಾತ್ರ ಕೈಯಲ್ಲಿದ್ದ ಟೊಪ್ಪಿಗೆ ಕೆಳಗಿಟ್ಟು, ದೋಣಿ ಹತ್ತಿ ಬಂದು, ನನ್ನ ಕೈಯಿಂದ ಚೈನ್ ತೆಗೆದುಕೊಂಡು ಎಂಜಿನ್ನನ್ನು ಇನ್ನೊಂದು ಮೊಳ ಮೇಲೆತ್ತಿದ.