ಯಾರೂ ಕರೆಯದ ದ್ವೀಪ

ಹೇಳಿಕೇಳಿ ವಾದಿರಾಜರಾಯರು ಮೂವತ್ತನಾಲ್ಕು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಬಸವನಗುಡಿಯ ಮನೆಯಲ್ಲಿ ಅವರ ಪಾಲಿಗೆ ಉಳಿದ ವಿದ್ಯಾರ್ಥಿನಿ ಒಬ್ಬಳೇ, ಆರು ವರ್ಷದ ಮೊಮ್ಮಗಳು ಆರಾಧನಾ. ಅವಳಿಗೆ ಉಬ್ಬಸ. ಹೋದ ತಿಂಗಳು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತ, ತಾತನ ಕಣ್ಣೆದುರಿಗೇ, ಉಸಿರು ಸಿಕ್ಕದೆ ತುಟಿ ನೀಲಿಯಾಗಿತ್ತು. ಅಂದಿನಿಂದ ಮಗು ಸೀನಿದರೂ ಸಾಕು, ರಾಯರು ಪೇಪರ್ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು.

ಉದ್ವೇಗವಾಗದಂಥ ಆಟ ಆಡಲಿ ಎಂದರು ಡಾಕ್ಟರು. ರಾಯರು ಇಸ್ತ್ರಿ ಪಂಚೆ ಉಟ್ಟು ಎಸ್.ಪಿ. ರಸ್ತೆಯ ಸಿ.ಡಿ. ಅಂಗಡಿಗೆ ಹೋದರು.

"ಗುಂಡು ಹಾರಿಸ್ಬಾರ್ದು. ಓಡ್ಬಾರ್ದು. ಗೆಲ್ಲೋದು ಸೋಲೋದು ಯಾವುದೂ ಇರಬಾರದು," ಎಂದರು.

ಅಂಗಡಿಯ ಗೌರೀಶ ಸಿ.ಡಿ.ಗಳ ಸಾಲಿನ ಮೇಲೆ ಬೆರಳಾಡಿಸಿದ. "ಅಷ್ಟೂ ತೆಗೆದ್ರೆ ಬರೀ ವಾಕಿಂಗ್ ಉಳಿಯುತ್ತೆ ಸಾರ್."

"ಅದೇ ಕೊಡಿ."

ಕೊಟ್ಟ. ಒಂದು ದ್ವೀಪ, ಸುತ್ತ ಸಮುದ್ರ, ಅಲ್ಲಲ್ಲಿ ಮನೆಗಳು. ಮನುಷ್ಯರ ಸುಳಿವಿಲ್ಲ. ನೋಡಿಕೊಂಡು ತಿರುಗಿದರಾಯಿತು.

ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿಯೇ ಕುಡಿಯುವುದು. ರಾಯರು ಒಂದು ವಾರ ತಾವೇ ಆಡಿ ಪರೀಕ್ಷಿಸಿದರು. ದಿನಾ ಸಂಜೆ ಐದರಿಂದ ಆರರವರೆಗೆ ಇಡೀ ದ್ವೀಪ ಸುತ್ತುವರು. ಮನೆ ಬಂದಾಗ ಬಾಗಿಲ ಹೊರಗೆ ನಿಲ್ಲುವರು. ಮೌಸ್ ಒತ್ತಿದರೆ ಬಾಗಿಲು ತೆರೆಯುತ್ತದೆಂದು ಗೌರೀಶ ಹೇಳಿದ್ದ, ನಿಜ. ಆದರೆ ಈ ಮನುಷ್ಯ ಜನ್ಮದಲ್ಲಿ ಕರೆಯದೆ ಒಬ್ಬರ ಹೊಸಿಲು ತುಳಿದವರಲ್ಲ. ಮರ್ಯಾದೆಯಿಂದ ಎರಡು ನಿಮಿಷ ಕಾದು ಮುಂದೆ ನಡೆಯುವರು.

"ಏನಾಗುತ್ತೆ ಇದರಲ್ಲಿ?" ಎಂದು ಹೆಂಡತಿ ಚೂಡಾಮಣಿ ಕೇಳಿದರು.

"ಏನೂ ಆಗಲ್ಲ ಕಣೇ. ಪಸಂದಾಗಿದೆ."

ಆರಾಧನಾ ಆಡತೊಡಗಿದಳು. ರಾಯರು ಹಿಂದೆ ಕುರ್ಚಿ ಹಾಕಿಕೊಂಡು, ಪರದೆ ನೋಡದೆ ಅವಳ ಬೆನ್ನು ಏರಿಳಿಯುವುದನ್ನೇ ನೋಡಿದರು. ನಾಲ್ಕು ದಿನ ಉಸಿರು ಒಂದೇ ಸಮ. ಐದನೆಯ ದಿನ ಯಾಕೋ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. ಮೊದಲನೆಯ ಮನೆಯ ಬಾಗಿಲು. ಹತ್ತು ನಿಮಿಷ ಬಿಟ್ಟು ನೋಡಿದರು. ಅದೇ ಬಾಗಿಲು.

"ಯಾಕಮ್ಮ, ಇಲ್ಲೇ ನಿಂತಿದೀಯ?"

"ಯಾರೂ ಕರೀಲಿಲ್ಲ ತಾತ."

"ನಾಲ್ಕು ದಿನದಿಂದಲೂ ಇಲ್ಲೇನಾ?"

"ಹೂಂ. ಕರೀದೆ ಯಾರ ಮನೆಗೂ ಹೋಗ್ಬಾರ್ದು ಅಂತ ನೀವೇ ಅಂದಿದ್ದು. ಕರೆದ್ರೂ ನಿಮ್ಮನ್ನ ಕೇಳ್ಬೇಕು. ಪಕ್ಕದ ಮನೇಲಿ ಬೆಕ್ಕಿದೆ. ಎದುರುಮನೇಲಿ ಧೂಪ ಹಾಕ್ತಾರೆ." ದೂರಿನ ದನಿಯೇನಲ್ಲ, ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು.

ಮಗು ನೆಮ್ಮದಿಯಾಗಿದೆ ಎಂದುಕೊಂಡಿದ್ದರಲ್ಲ, ಅದು ಬರೀ ಕಾಯುತ್ತ ಕೂತಿತ್ತು. ರಾಯರಿಗೆ ಹೆದರಿಕೆಯೂ ಆಯಿತು. ಆ ಮನೆಯೊಳಗೆ ಏನಿದೆಯೆಂದು ಅವರಿಗೂ ಗೊತ್ತಿರಲಿಲ್ಲ. ಇನ್ಹೇಲರ್ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡರು.

ಆಮೇಲೆ ಎದ್ದು, ಮೇಜನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಜರುಗಿಸಿ, ಮಾನಿಟರಿನ ಹಿಂದೆ ತೂರಿಕೊಂಡರು. ವೈರುಗಳ ನಡುವೆ ನಿಂತು, ಮನೆಯ ಯಜಮಾನನ ಗಂಭೀರ ದನಿಯಲ್ಲಿ ಕರೆದರು.

"ಯಾರದು, ಆರಾಧನಾನಾ? ಬಾಮ್ಮ ಒಳಗೆ. ಸಂಕೋಚ ಮಾಡ್ಕೋಬೇಡ."

ಆರಾಧನಾ ಅವರನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು. ಮೌಸ್ ಒತ್ತಿದ ಸದ್ದಾಯಿತು. ಬಾಗಿಲು ಕಿರ್ರೆಂದಿತು. ಅಲ್ಲಿಂದ ರಾಯರಿಗೆ ಕಾಣುತ್ತಿದ್ದುದು ಅವಳ ಮುಖ ಮಾತ್ರ. ಬಾಯಿ ತೆರೆದುಕೊಂಡಿತ್ತು. ಅವರು ಕಿವಿಗೊಟ್ಟು ಕೇಳಿದರು. ಎದೆಯಲ್ಲಿ ಸಿಳ್ಳೆಯಿಲ್ಲ.

"ಏನಿದೆ ಪುಟ್ಟಿ?"

"ಇನ್ನೊಂದು ಬಾಗಿಲು ತಾತ," ಎಂದಳು.

ಕರೆಯೋಣವೆಂದು ರಾಯರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಅದನ್ನೂ ತೆರೆದಾಗಿತ್ತು.