ಏಳನೇ ಮಹಡಿಯಿಂದ ಇಳಿದ ಕುಕ್ಕರ್

ಕೂಗುವುದು ನನ್ನ ಹುಟ್ಟುಗುಣ. ನಾನು ಒಂದು ಕುಕ್ಕರ್. ಐದು ಲೀಟರಿನ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಅಲ್ಯೂಮಿನಿಯಂ ತಗಡನ್ನು ಒತ್ತಿ, ಬಗ್ಗಿಸಿ, ತಿಕ್ಕಿ ನನ್ನನ್ನು ಮಾಡಿದಾಗ ತಿಂದ ಪೆಟ್ಟುಗಳ ಕಥೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ದಾವಣಗೆರೆಯ ಪಾತ್ರೆ ಅಂಗಡಿಯಲ್ಲಿ ಗಂಗಮ್ಮನವರು ನನ್ನನ್ನು ಕೊಂಡರು. ಮುಚ್ಚಳದ ಮೇಲೆ ‘ಚಿ. ಸೌ. ವಿಶಾಲಾಕ್ಷಿಗೆ ಅವ್ವ ಗಂಗಮ್ಮನಿಂದ’ ಎಂದು ಕೆತ್ತಿಸಿ ಮಗಳ ಮದುವೆಗೆ ಕೊಟ್ಟರು. ಕೆತ್ತುವಾಗ ಸ್ವಲ್ಪ ಕಚಗುಳಿಯಾಯಿತು, ಅಷ್ಟೇ.

ವಿಶಾಲಾಕ್ಷಿಯ ಗಂಡ ಮರುಳಸಿದ್ಧನಿಗೆ ದಕ್ಷಿಣ ಕೊರಿಯಾದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಸೀರೆಗಳ ನಡುವೆ ಸುತ್ತಿಸಿಕೊಂಡು ನಾನೂ ವಿಮಾನ ಹತ್ತಿದೆ. ಸಿಯೋಲಿನ ಉತ್ತರಕ್ಕೆ, ಗಡಿಯಿಂದ ಒಂದು ಗಂಟೆಯ ದಾರಿಯಲ್ಲಿ, ಏಳನೇ ಮಹಡಿಯ ಮನೆ. ಗಡಿಯಾಚೆಯವರು ಅಣುಬಾಂಬಿನ ಪರೀಕ್ಷೆ ಮಾಡಿದರೆಂಬ ಸುದ್ದಿ ಬಂದಾಗಲೆಲ್ಲ ದಾವಣಗೆರೆಯಿಂದ ಫೋನು: “ಗಂಟುಮೂಟೆ ಕಟ್ಕೊಂಡು ಬಂದ್ಬಿಡವ್ವ. ಕೂಸು ಬೇರೆ ಐತಿ.”

ವಿಶಾಲಾಕ್ಷಿಗೆ ಬಾಂಬಿಗಿಂತ ದೊಡ್ಡ ಭಯವೊಂದಿತ್ತು. ಗಂಡ ಕೆಲಸಕ್ಕೆ ಹೋದಾಗ ಏನಾದರೂ ಆದರೆ? ಭಾಷೆ ಬಾರದ ಊರಿನಲ್ಲಿ ನಾಲ್ಕು ವರ್ಷದ ಮಗಳು ಗಾನವಿಯನ್ನು ಕಟ್ಟಿಕೊಂಡು ಯಾರ ಬಾಗಿಲು ಬಡಿಯುವುದು? ಊರಿಗೆ ಹೋಗಿಬಿಡುವುದೆಂದು ಅವಳು ಮುಕ್ಕಾಲು ತೀರ್ಮಾನ ಮಾಡಿದ್ದಳು. ಕಪಾಟಿನ ಮೇಲಿದ್ದ ಸೂಟ್‌ಕೇಸು ಆಗಲೇ ನೆಲಕ್ಕೆ ಬಂದಿತ್ತು.

ಒಂದು ಮಧ್ಯಾಹ್ನ ನನ್ನೊಳಗೆ ಅಕ್ಕಿ, ಹೆಸರುಬೇಳೆ ಬೇಯುತ್ತಿತ್ತು. ಒಂದು ಸಲ ಕೂಗಿ, ಎರಡನೆಯದಕ್ಕೆ ಉಸಿರು ಕಟ್ಟುತ್ತಿದ್ದೆ. ಅಷ್ಟರಲ್ಲಿ ಇಡೀ ಊರೇ ಕೂಗತೊಡಗಿತು. ಸೈರನ್! ಅಬ್ಬಬ್ಬಾ, ಅದರ ಮುಂದೆ ನನ್ನದೂ ಒಂದು ಗಂಟಲೇ? ವಿಶಾಲಾಕ್ಷಿ ಗಂಡನಿಗೆ ಫೋನ್ ಮಾಡಿದಳು.

“ರೀ, ಕೂಗ್ತೈತಿ ರೀ!”

ಯಂತ್ರಗಳ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ಅಷ್ಟೇ. “ಎಷ್ಟು ಸಲ ಕೂಗ್ತು?”

“ನಿಲ್ತಾನೇ ಇಲ್ಲ ರೀ!”

“ಅಯ್ಯೋ ಮಾರಾಯ್ತಿ, ಗ್ಯಾಸ್ ಆಫ್ ಮಾಡಿ ಇಳ್ಸು!”

ಪಾಪ, ಅವನು ಒಲೆಯಿಂದ ಇಳಿಸು ಎಂದಿದ್ದ. ಅವಳು ಏಳನೇ ಮಹಡಿಯಿಂದಲೇ ಇಳಿಸಿದಳು! ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಟವೆಲ್ ಸುತ್ತಿದ ನಾನು. ಮೆಟ್ಟಿಲುದ್ದಕ್ಕೂ ಬುಸುಗುಟ್ಟುತ್ತಲೇ ಇಳಿದೆ. ಪಾಸ್‌ಪೋರ್ಟು ಮೇಲೆಯೇ ಉಳಿಯಿತು.

ನೆಲಮಾಳಿಗೆಯಲ್ಲಿ ಜನ ಆರಾಮಾಗಿ ನಿಂತಿದ್ದರು. ಅದು ಬರೀ ತಾಲೀಮು. ಲಿಫ್ಟಿನಲ್ಲಿ ಅಂಟಿಸಿದ್ದ ನೋಟೀಸು ಇವಳಿಗೆ ಓದಲು ಬಂದಿರಲಿಲ್ಲ. ನನ್ನನ್ನು ನೋಡಿ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಪಕ್ಕದ ಮನೆಯ ಸುನ್‌ಜಾ ಅಜ್ಜಿ ಮಾತ್ರ ನಗಲಿಲ್ಲ. ಹತ್ತಿರ ಬಂದು, ಟವೆಲಿನ ಮೇಲಿಂದಲೇ ನನ್ನನ್ನು ಸವರಿ, ಬಿಕ್ಕಿ ಬಿಕ್ಕಿ ಅತ್ತರು. ಶಿಶುವಿಹಾರದಲ್ಲಿ ಅಲ್ಲಿಯ ಭಾಷೆ ಕಲಿತಿದ್ದ ಗಾನವಿ ಅವ್ವನಿಗೆ ಬಿಡಿಸಿ ಹೇಳಿದಳು.

“ಅಜ್ಜಿ ಸಣ್ಣೋರಿದ್ದಾಗ ಯುದ್ಧ ಆಗಿತ್ತಂತೆ. ಸೈರನ್ ಕೂಗಿದಾಗ ಅವರವ್ವನೂ ಅನ್ನದ ಪಾತ್ರೆ ಹೊತ್ಕೊಂಡೇ ಓಡಿದ್ರಂತೆ. ಮುಂದಿನ ಸಲ ಕೂಗಿದ್ರೆ ನಮ್ಮ ಬಾಗ್ಲು ಬಡೀರಿ, ಜೊತೆಗೆ ಇಳಿಯಾಣ ಅಂತಾರೆ.”

ವಿಶಾಲಾಕ್ಷಿ ಅಜ್ಜಿಯ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟಳು.

ಮೂರು ಕೂಗಿಗೆ ಅನ್ನ ಆಗುವ ನನ್ನ ಲೆಕ್ಕದಲ್ಲಿ ಇನ್ನೆರಡು ಬಾಕಿ ಇತ್ತಲ್ಲ? ಅವನ್ನು ಅಜ್ಜಿಯ ಒಲೆಯ ಮೇಲೆ ಕೂಗಿದೆ. ವಿಶಾಲಾಕ್ಷಿ ಮೊದಲಿನದನ್ನೂ ಸೇರಿಸಿ ಬೆರಳು ಮಡಚಿ ಎಣಿಸಿ ತೋರಿಸಿದಳು. ನನ್ನ ಕೂಗಿಗೆ ಅಜ್ಜಿ ಬೆಚ್ಚಿಬಿದ್ದು, ಆಮೇಲೆ ಬಾಯಿತುಂಬ ನಕ್ಕು, “ಒಂದು, ಎರಡು, ಮೂರು, ಅನ್ನ ಆಯ್ತು” ಎಂದು ಕಲಿತರು. ಮೂವರೂ ಉಂಡರು. ಸೂಟ್‌ಕೇಸು ಮತ್ತೆ ಕಪಾಟು ಹತ್ತಿತು.

ಆರು ವರ್ಷ ಹಾಗೆಯೇ ಕಳೆಯಿತು. ಮರುಳಸಿದ್ಧನ ಕೆಲಸ ಮುಗಿದು ಊರಿಗೆ ಹೊರಟಾಗ ವಿಶಾಲಾಕ್ಷಿ ನನ್ನನ್ನು ತೊಳೆದು ಒರೆಸಿ ಅಜ್ಜಿಯ ಕೈಗಿಟ್ಟಳು. “ಇದರ ಮೇಲೆ ನಮ್ಮವ್ವನ ಹೆಸರೈತಿ. ನಿಮ್ಮತ್ರಾನೇ ಇರ್ಲಿ.”

ಈಗ ನನ್ನ ಗ್ಯಾಸ್ಕೆಟ್ ಬಿರುಕು ಬಿಟ್ಟಿದೆ, ಗಂಟಲು ಕಟ್ಟಿದೆ. ಅಜ್ಜಿಯ ಅಡುಗೆಮನೆಯ ಕಿಟಕಿಯಲ್ಲಿ ಬೆಳ್ಳುಳ್ಳಿ ತುಂಬಿಕೊಂಡು ಕೂತಿದ್ದೇನೆ. ಗುಜರಿಗೆ ಹಾಕದೆ, ದಿನವೂ ಒರೆಸುವ ಈ ಪರದೇಶದ ತಾಯಿಯ ಋಣ ನಾನು ಹೇಗೆ ತೀರಿಸಲಿ?

ತಾಲೀಮಿನ ಸೈರನ್ ಕೂಗಿದರೆ ಅಜ್ಜಿ ಈಗಲೂ ಬೆಚ್ಚಿಬಿದ್ದು ನನ್ನ ಹತ್ತಿರ ಬರುತ್ತಾರೆ. ಕೈಯನ್ನು ನನ್ನ ಮುಚ್ಚಳದ ಮೇಲಿಟ್ಟು, ಏರಿಳಿಯುವ ಆ ಕೂಗನ್ನು ಎಣಿಸುತ್ತಾರೆ: “ಒಂದು... ಎರಡು... ಮೂರು.” ನಾಲ್ಕನೆಯದನ್ನು ಎಣಿಸುವುದೇ ಇಲ್ಲ. “ಅನ್ನ ಆಯ್ತು” ಎಂದು ಕನ್ನಡದಲ್ಲೇ ಹೇಳಿ, ಊಟಕ್ಕೆ ಕೂರುತ್ತಾರೆ.