ಖಾಲಿ ಅಂದವರು

"ಏ ಮುಂಡೆ, ಅಲ್ಲೇನು ಕೂತ್ಕೊಂಡು ಕಾವು ಕೊಡ್ತಿದ್ದೀಯಾ? ಮೊಟ್ಟೆ ಒಡೆದು ಮರಿ ಬರೋ ತನಕ ಕಾಯ್ಬೇಕಾ ನಾನು?"

ಕಂಟ್ರಾಕ್ಟರ್ ಗುಂಡಿಯ ಅಂಚಿನಲ್ಲಿ ನಿಂತು ಬೈಯುತ್ತಿದ್ದ. ನಾನು ತಲೆ ಎತ್ತಲಿಲ್ಲ. ಎದೆಮಟ್ಟದ ಗುಂಡಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೆರಳಿನಿಂದ ಮಣ್ಣು ಕೆರೆಯುತ್ತಿದ್ದೆ. ಅಡಿಯಲ್ಲಿ ಕಬ್ಬಿಣ ತಣ್ಣಗೆ ಕೈಗೆ ತಗುಲಿತ್ತು. ಕಬ್ಬಿಣ ತಗುಲಿದ ಮೇಲೆ ಇವನಪ್ಪ ಬಂದು ಕರೆದರೂ ನಮ್ಮವರು ತಲೆ ಎತ್ತುವುದಿಲ್ಲ.

ಸೈನ್ಯದವರು ಫಿರಂಗಿ ಗುಂಡು ಹಾರಿಸಿ ಕಲಿತ ಬಯಲು ಇದು. ಅವರು ಹಾರಿಸಿದ್ದರ ಕಬ್ಬಿಣ, ಹಿತ್ತಾಳೆಯನ್ನು ಅಜ್ಜಿಯ ಕಾಲದಿಂದ ಹೆಕ್ಕಿ ಮಾರಿ ಹೊಟ್ಟೆ ಹೊರೆದವರು ನಾವು. ಸಿಡಿದು ಮುಗಿದದ್ದಕ್ಕೆ ನಾವು 'ಖಾಲಿ' ಅನ್ನುತ್ತೇವೆ, ಸಿಡಿಯದೆ ಉಳಿದದ್ದಕ್ಕೆ 'ಬಸುರಿ'. ಒಬ್ಬರು ಕೆರೆದು ನೋಡಬೇಕು, ಪಿಕಾಸಿ ಹಿಡಿದವರು ಬೆನ್ನು ತಿರುಗಿಸಿ ನಿಲ್ಲಬೇಕು. ಸಿಡಿದರೆ ಮನೆಯಲ್ಲಿ ಒಂದು ಜೊತೆ ಕಣ್ಣಾದರೂ ಉಳಿಯಲಿ ಅಂತ. ಕೆರೆದವರು 'ಖಾಲಿ' ಅಂದ ಮೇಲೆಯೇ ಪಿಕಾಸಿ ಇಳಿಯುವುದು. ಸೈನ್ಯ ಬಯಲು ಬಿಟ್ಟುಕೊಟ್ಟು ಹೋಯಿತು, ಸ್ಟೇಡಿಯಂ ಬರುತ್ತದೆ ಅಂದರು, ಕಂಟ್ರಾಕ್ಟರ್ ನಮ್ಮನ್ನೇ ಕೂಲಿಗೆ ಹಿಡಿದ. ನೆಲವೆಲ್ಲ ಸಾಫಾಗಿದೆಯಂತೆ. ಯಾವ ಮಹಾರಾಯ ಬಂದು ಸಾಫ್ ಮಾಡಿದನೋ, ನಮ್ಮ ಕಣ್ಣಿಗಂತೂ ಬೀಳಲಿಲ್ಲ.

ಗುಂಡಿಯ ಆ ತುದಿಯಲ್ಲಿ ನನ್ನ ಗಂಡ ಪಿಕಾಸಿ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದ. ಫಿರಂಗಿ ಸದ್ದಿಗೆ ಚಿಕ್ಕಂದಿನಲ್ಲೇ ಅವನ ಕಿವಿ ಅರ್ಧ ಹೋಗಿತ್ತು, ಕಿವುಡ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಜೋರಾಗಿ ಕೂಗಿದರೆ ಮಾತು ಕೇಳುತ್ತಿತ್ತು, ದನಿ ಯಾರದೆಂದು ತಿಳಿಯುತ್ತಿರಲಿಲ್ಲ.

"ಸ್ವಲ್ಪ ತಡೀರಿ ಸ್ವಾಮಿ, ಇದು ಬಸುರಿ ಇದ್ದಂಗಿದೆ," ಅಂದೆ.

"ಯಾರು ಮಾಡಿದ್ದಂತೆ, ನಿನ್ನ ಕಿವುಡನಾ?" ಪಕ್ಕದಲ್ಲಿದ್ದ ಮೇಸ್ತ್ರಿ ಹಲ್ಲು ಕಿರಿದ.

"ನಾಳೆ ದೊಡ್ಡವರು ಕಲ್ಲು ಇಡೋಕೆ ಬರ್ತಾರೆ," ಅಂದ ಕಂಟ್ರಾಕ್ಟರ್. "ಕೆಡವಬೇಕಾದ ನಿಮ್ಮ ಸಾಲುಮನೆ ಇನ್ನೂ ಹಂಗೇ ನಿಂತಿದೆ. ನಿಮ್ಮತ್ತೆ ಹೊಸ್ತಿಲಲ್ಲಿ ಬಿದ್ಕೊಂಡು ಏಳಲ್ಲ ಅಂತಾಳೆ. ಬಾ, ಮೊದಲು ಆ ಮುದಿ ಗೊಡ್ಡನ್ನ ಎತ್ತು."

ಬಗ್ಗಿ ನನ್ನ ಜಡೆಗೆ ಕೈ ಹಾಕಿದ. ಮೊಣಕಾಲು ತರಚಿಕೊಂಡು ಗುಂಡಿಯಿಂದ ಮೇಲೆ ಬಂದೆ. ಕೂಗೋಣವೆಂದರೆ ಮೇಸ್ತ್ರಿಯ ಅಂಗೈ ಬಾಯಿ ಮೇಲಿತ್ತು. ಕಿವುಡನಿಗೆ ಇದೊಂದೂ ಗೊತ್ತಿಲ್ಲ, ನನ್ನ ಮಾತಿಗೆ ಕಾಯುತ್ತ ನಿಂತಿದ್ದ. ನನ್ನನ್ನು ದರದರ ಎಳೆಯುತ್ತ ಕಂಟ್ರಾಕ್ಟರ್ ಸಾಲುಮನೆಯ ಕಡೆ ಗಂಟಲು ಹರಿಯುವಂತೆ ಕೂಗಿದ.

"ಖಾಲಿ ಮಾಡ್ರೋ ಸೂಳೆಮಕ್ಕಳಾ! ಖಾಲಿ! ಖಾಲಿ!"

ಕಿವುಡ ತಿರುಗಿದ್ದು ಕಂಡೆ. ಗುಂಡಿಯಲ್ಲಿ ನಾನಿಲ್ಲ. ಖಾಲಿ ಅಂದು ಮೇಲೆ ಹತ್ತಿದ್ದಾಳೆ ಅಂದುಕೊಂಡಿರಬೇಕು. ಮೇಸ್ತ್ರಿಯ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಅಷ್ಟರಲ್ಲಿ ಪಿಕಾಸಿ ಇಳಿದಿತ್ತು.

ಮಣ್ಣು ಕೆಳಗಿಳಿದ ಮೇಲೆ ಹೋಗಿ ನೋಡಿದೆ. ಸೊಂಟದಿಂದ ಮೇಲೆ ನೋಡುವಂಥದ್ದೇನೂ ಉಳಿದಿರಲಿಲ್ಲ. ಉಳಿದದ್ದನ್ನು ಹಿತ್ತಾಳೆ ತುಂಬುವ ಚೀಲದಲ್ಲಿ ಹಾಕಿದೆ. ಅತ್ತೆ ಹೊಸ್ತಿಲು ಬಿಟ್ಟು ತೆವಳಿಕೊಂಡು ಬಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. "ಇವನ ಇನ್ನೊಂದು ಚಪ್ಪಲಿ ಎಲ್ಲೇ?" ಅಂತ ಕೇಳುತ್ತಲೇ ಇದ್ದಳು. ಆಗಷ್ಟೇ ಕಂಟ್ರಾಕ್ಟರ್ ನನ್ನನ್ನು ಮುಂಡೆ ಅಂದಿದ್ದ. ಅಂದಾಗ ಅದು ಬರೀ ಬೈಗುಳವಾಗಿತ್ತು.

"ಹಿತ್ತಾಳೆ ಕದಿಯೋಕೆ ಹೋಗಿ ಸತ್ತ ಅಂತ ಹೇಳ್ಬಿಡು," ಅಂದ ಕಂಟ್ರಾಕ್ಟರ್, ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಮೇಸ್ತ್ರಿಗೆ. "ಕಲ್ಲಿಡೋ ಗುಂಡಿ ತೋಡಿಸು ಬೇಗ." ಉರಿಯುವ ಮನೆಯಲ್ಲಿ ಗಳ ಹಿರಿಯುವ ಜನ.

ನಮ್ಮವರು ಪಿಕಾಸಿ ಕೆಳಗಿಟ್ಟು ನಿಂತರು. ಮೇಸ್ತ್ರಿ ಒಬ್ಬನ ಕೆನ್ನೆಗೆ ಬಾರಿಸಿದ, ಇನ್ನೊಬ್ಬನ ಹೊಟ್ಟೆಗೆ ಒದ್ದ. ಒದೆ ತಿಂದವನು ಬಾಯಿಯ ಮಣ್ಣು ಉಗುಳಿದ. "ಅಕ್ಕ ಖಾಲಿ ಅಂದ್ರೆ ಪಿಕಾಸಿ ಹೊಡೀತೀವಿ. ಇಲ್ಲಾಂದ್ರೆ ನೀನೇ ಹೊಡ್ಕೋ ಬೋಳಿಮಗನೇ."

ಕಂಟ್ರಾಕ್ಟರ್ ನನ್ನ ಹತ್ತಿರ ಬಂದ. ದನಿ ಬೆಣ್ಣೆಯಾಗಿತ್ತು. "ನೋಡಮ್ಮಾ, ಆದದ್ದು ಆಯ್ತು. ಸ್ಟೇಡಿಯಂ ಆದ್ಮೇಲೆ ಕಸ ಗುಡಿಸೋ ಕೆಲಸ ನಿಂಗೇ ಕೊಡಿಸ್ತೀನಿ. ಒಂದೇ ಮಾತು, ಖಾಲಿ ಅಂದ್ಬಿಡು."

"ಅನ್ನದಿದ್ರೆ?"

"ಅನ್ನದಿದ್ರೆ ಮುದುಕಿ ಸಮೇತ ಗೋಡೆ ಕೆಡವ್ತೀನಿ."

"ನೋಡಿ ಹೇಳ್ತೀನಿ," ಅಂದು ಮತ್ತೆ ಗುಂಡಿಗೆ ಇಳಿದೆ. ಮಣ್ಣು ನನ್ನ ಗಂಡನ ರಕ್ತಕ್ಕೆ ಅಂಟಂಟಾಗಿತ್ತು. ಅತ್ತು ಅತ್ತು ಕೆರೆದೆ. ಗುಂಡಿಯ ಗೋಡೆಯ ಬುಡದಲ್ಲಿ ಇನ್ನೊಂದು ಸಿಕ್ಕಿತು, ತುಂಬಿದ್ದು. ಎರಡೂ ಕೈಯಲ್ಲಿ ಎತ್ತಿಕೊಂಡು ಮೇಲೆ ಬಂದಾಗ ನಮ್ಮವರು ದಾರಿ ಬಿಟ್ಟರು. ಬಿದ್ದಿದ್ದ ಪಿಕಾಸಿಯೊಂದನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡೆ.

ಕಂಟ್ರಾಕ್ಟರ್, ಮೇಸ್ತ್ರಿ ಇಬ್ಬರೂ ತಗಡಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ಮೇಜಿನ ಮೇಲೆ ಪುಟಾಣಿ ಸ್ಟೇಡಿಯಂ, ಸುತ್ತ ಪುಟಾಣಿ ಕುರ್ಚಿಗಳು, ನಡುವೆ ಹಸಿರು ಬಣ್ಣದ ಹುಲ್ಲು. ತಂದದ್ದನ್ನು ಹುಲ್ಲಿನ ಮೇಲಿಟ್ಟೆ. ಬಾಗಿಲಿಗೆ ಚಿಲಕ ಹಾಕಿ ಅಲ್ಲೇ ನಿಂತೆ.

ಕಿಟಕಿಯಾಚೆ ನಮ್ಮವರು ಕಾಣುತ್ತಿದ್ದರು. ದೂರ ಸರಿದು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು. ಅತ್ತೆಯೂ ಚೀಲ ಅವಚಿಕೊಂಡು ಬೆನ್ನು ತಿರುಗಿಸಿದಳು.

"ಬಾಗಿಲು ತೆಗಿ ತಾಯಿ," ಅಂದ ಕಂಟ್ರಾಕ್ಟರ್. ಮುಂಡೆ ಹೋಗಿ ತಾಯಿಯಾಗಿದ್ದೆ. ಮೇಸ್ತ್ರಿಯ ಪ್ಯಾಂಟು ಒದ್ದೆಯಾಗಿತ್ತು.

ಮೇಜಿನ ಬಳಿ ಬಂದು ಪಿಕಾಸಿ ಎತ್ತಿದೆ.

"ಈಗ ಅನ್ನಿ ಸ್ವಾಮಿ. ನನ್ನ ಗಂಡನಿಗೆ ಕೇಳಿಸಿದ್ರಲ್ಲ, ಅಷ್ಟೇ ಜೋರಾಗಿ ಅನ್ನಿ."

ಕಂಟ್ರಾಕ್ಟರ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ನಾನು ಪಿಕಾಸಿ ಎತ್ತಿಕೊಂಡೇ ಕಾದೆ.